ಒಂದು ಸೈಜ್ ದೊಡ್ಡದು

ಕಾತ್ಯಾಯಿನಿಯ ಮನೆಯಲ್ಲಿ ಬಟ್ಟೆಯೆಂದರೆ ಒಂದು ಸೈಜ್ ದೊಡ್ಡದೇ ಬರಬೇಕು. ಇದು ಅವಳು ಮೈಸೂರಿನಿಂದ ತಂದ ಪದ್ಧತಿ. ಅವಳಪ್ಪ ಯೂನಿಫಾರಂ ಹೊಲಿಸುವಾಗ ದರ್ಜಿಗೆ, ಬೆಳೆಯೋ ಮಗು, ಸ್ವಲ್ಪ ಬಿಟ್ಟು ಹೊಲಿಯಪ್ಪಾ ಎನ್ನುತ್ತಿದ್ದರು. ಮಗಳು ಶ್ರಾವಣಿ ಹೈಸ್ಕೂಲು ಮುಗಿಸುವವರೆಗೂ ಶೂಗಳ ತುದಿಗೆ ಹತ್ತಿ ತುರುಕಿಕೊಂಡೇ ನಡೆದಳು. ಈಗ ಅವಳು ದೂರದ ಕಾಲೇಜು ಸೇರಿದ ಮೇಲೆ ಅಮೆರಿಕದ ಅಲ್ಫರೆಟಾದ ಆ ಮನೆಯಲ್ಲಿ ಬೆಳೆಯುವವರು ಯಾರೂ ಇಲ್ಲ. ಐವತ್ತನಾಲ್ಕರ ಗಂಡ ಶೇಷಾದ್ರಿಗೆ ಬೆಳೆಯಲು ಉಳಿದಿರುವುದು ಹೊಟ್ಟೆಯೊಂದೇ. ಆದರೂ ಅಂಗಡಿಗೆ ಹೋದರೆ ಅವಳ ಕೈ ತಾನಾಗಿ ಮುಂದಿನ ಸೈಜಿಗೇ ಹೋಗುತ್ತದೆ. ಬಿಗಿ ಬಟ್ಟೆ ಹಾಕಿದರೆ ರಕ್ತ ಓಡಾಡುವುದಿಲ್ಲ, ಉಸಿರು ಕಟ್ಟುತ್ತದೆ, ನಾಲ್ಕು ಜನರ ಮುಂದೆ ಚೆನ್ನಾಗಿಯೂ ಕಾಣುವುದಿಲ್ಲ. ಇದರಲ್ಲಿ ಅವಳಿಗೆ ಅನುಮಾನವೆಂಬುದೇ ಇರಲಿಲ್ಲ.

ಹಾಗಾಗಿ ಗಂಡನ ರಬ್ಬರ್ ಸೂಟನ್ನು ಅವಳು ಗುಟ್ಟಾಗಿ ಬದಲಾಯಿಸಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಆಶ್ಚರ್ಯಪಡಬೇಕಾದದ್ದು ಶೇಷಾದ್ರಿಯಂಥವನು ಅಂಥ ಸೂಟು ಕೊಂಡದ್ದಕ್ಕೆ.

ಹೇಳಿ ಕೇಳಿ ಬಿಸಿನೀರಿನ ಮನುಷ್ಯ ಅವನು. ಮೈಸೂರಿನಲ್ಲಿ ಏಪ್ರಿಲ್ ತಿಂಗಳಲ್ಲೂ ಹಂಡೆಯ ನೀರು ಕುದಿಯದೆ ಸ್ನಾನಕ್ಕೆ ಇಳಿದವನಲ್ಲ. ಇಲ್ಲಿ ಅಕ್ಟೋಬರ್ ಬಂತೆಂದರೆ ಮಂಕಿಕ್ಯಾಪು ಎಲ್ಲಿ ಎಂದು ಮನೆಯೆಲ್ಲ ಹುಡುಕುವವನು. ಅಂಥವನು ಕೋವಿಡ್ ಕಾಲದಲ್ಲಿ ಮನೆಯೊಳಗೆ ಕೂತೂ ಕೂತೂ ಏನೋ ತಲೆಗೆ ಹತ್ತಿಸಿಕೊಂಡು ಈಜು ಕಲಿತ. ಅದೂ ಸಾಲದೆಂದು ಫ್ಲಾರಿಡಾಕ್ಕೆ ಹೋಗಿ, ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಸಮುದ್ರದಡಿಗೆ ಇಳಿಯುವ ಸರ್ಟಿಫಿಕೇಟನ್ನೂ ತಂದ. ಕಾತ್ಯಾಯಿನಿ ಮೊದಲ ಸಲ ಆ ಫೋಟೋ ನೋಡಿದಾಗ ಹೌಹಾರಿ, ಇವರಿಗೆ ಏನಾದರೂ ಆಗಿದೆಯೇ ಎಂದು ನಾದಿನಿಗೆ ಫೋನ್ ಮಾಡಿದ್ದಳು.

ಈ ಹುಚ್ಚು ಹತ್ತಿಸಿದವನು ಸೃಜನ್. ಸುರತ್ಕಲ್ ಕಡೆಯವನು, ಸಮುದ್ರದ ಸದ್ದು ಕೇಳುತ್ತ ಬೆಳೆದವನು. ಶೇಷಾದ್ರಿಯ ಟೀಮಿನಲ್ಲಿ ನಾಲ್ಕು ವರ್ಷ ಇದ್ದು, ಈಗ ಷಾರ್ಲೆಟ್‌ನ ಬ್ಯಾಂಕೊಂದರ ಐಟಿ ಕೆಲಸಕ್ಕೆ ಹೋಗಿದ್ದ. ಎತ್ತರದಲ್ಲಿ ಶೇಷಾದ್ರಿಗೆ ಸಮ, ಮೈಯಲ್ಲಿ ಅರ್ಧ. ಮಾತು ಕಮ್ಮಿ. ಹೆಸರು ಹಿಡಿದೇ ಕರೆಯೋ, ಇದು ಅಮೆರಿಕ ಎಂದು ಶೇಷಾದ್ರಿ ಎಷ್ಟು ಹೇಳಿದರೂ "ಸಾರ್" ಬಿಟ್ಟು ಬೇರೆ ಪದ ಅವನ ಬಾಯಿಗೆ ಬರಲಿಲ್ಲ. ಅವನ ಹೆಂಡತಿ ಅಶ್ವಿತಾ ತಾನೂ ನೀರಿಗಿಳಿಯುವವಳೇ. ಈಗ ಆರು ತಿಂಗಳ ಬಸುರಿಯಾದ್ದರಿಂದ ದಡದಲ್ಲಿ ಕೂರುವ ಸರದಿ ಬಂದಿತ್ತು. ಮಂಗಳೂರಿನಲ್ಲಿದ್ದ ಅವಳ ತಾಯಿ ಸರೋಜಿನಿಗೆ ವೀಸಾ ಇಂಟರ್‌ವ್ಯೂ ದಿನಾಂಕವೇ ಸಿಕ್ಕಿರಲಿಲ್ಲ. ಸೀಮಂತ ನಮ್ಮನೇಲಿ, ನಾನು ಮಾಡ್ತೀನಿ ಎಂದು ಕಾತ್ಯಾಯಿನಿ ಒಪ್ಪಿಕೊಂಡಿದ್ದಳು. ಆಮೇಲೆ ಫೋನಿನಲ್ಲಿ ಒಂದೆರಡು ಸಲ ಅಶ್ವಿತಾ ಆಂಟಿ ಎನ್ನುವ ಬದಲು ಬಾಯಿತಪ್ಪಿ ಅಮ್ಮ ಎಂದಿದ್ದಳು. ಕಾತ್ಯಾಯಿನಿ ಕೇಳಿಸಿಕೊಂಡೂ ಸುಮ್ಮನಿದ್ದಳು, ಇನ್ನೊಮ್ಮೆ ಬಾಯಿತಪ್ಪಲಿ ಎಂದು.

ಸೂಟಿನ ಕಥೆ ಶುರುವಾದದ್ದು ಇಪ್ಪತ್ತಮೂರರ ಜನವರಿಯಲ್ಲಿ. ಚಳಿಗಾಲದ ನೀರು ಕನ್ನಡಿಯಷ್ಟು ತಿಳಿಯಾಗಿರುತ್ತದೆ, ಷಾರ್ಲೆಟ್ ಹತ್ತಿರ ಒಂದು ಹಳೇ ಕಲ್ಲುಕ್ವಾರಿ ಇದೆ, ತಳದಲ್ಲಿ ಒಂದು ಸ್ಕೂಲ್ ಬಸ್ಸನ್ನೇ ಮುಳುಗಿಸಿ ಇಟ್ಟಿದ್ದಾರೆ, ಬನ್ನಿ ಸಾರ್ ಎಂದು ಸೃಜನ್ ಕರೆದ. ತಣ್ಣೀರಿಗೆ ದಪ್ಪ ಸೂಟು ಬೇಕು. ಶೇಷಾದ್ರಿ ಏಳು ಮಿಲಿಮೀಟರ್ ದಪ್ಪದ, ಭುಜದ ಮೇಲೆ ಕಿತ್ತಳೆ ಪಟ್ಟಿಯಿದ್ದ ಕಪ್ಪು ವೆಟ್‌ಸೂಟನ್ನು ಅಂಗಡಿಯಿಂದ ತಂದ. ಬೆಡ್‌ರೂಮಿನಲ್ಲಿ ಅದನ್ನು ಹಾಕಿಸಲು ಕಾತ್ಯಾಯಿನಿಗೆ ಇಪ್ಪತ್ತೈದು ನಿಮಿಷ ಹಿಡಿಯಿತು. ದಿಂಬಿನ ಕವರಿಗೆ ಹಾಸಿಗೆ ತುರುಕುವ ಕೆಲಸ ಅದು. ಅವಳು ಬೆನ್ನಿಗೆ ಮಂಡಿಯೊತ್ತಿ ಜಿಪ್ ಎಳೆದಳು, ಅವನು ಹೊಟ್ಟೆ ಒಳಗೆಳೆದುಕೊಂಡು ತಾರಸಿ ನೋಡುತ್ತ ನಿಂತ. ಕೊನೆಗೆ ಮುಖ ಕೆಂಪಗಾಗಿ, ಒಂದು ಉಸಿರಿಗೆ ಎರಡೇ ಮಾತು ಬರುವ ಸ್ಥಿತಿಯಲ್ಲಿ, ಹೀಗೇ ಇರಬೇಕು, ಚರ್ಮದ ಥರ ಅಂಟ್ಕೊಂಡಿರಬೇಕು ಎಂದ.

ನೀರು ಒಳಗೆ ಬರುವುದಾದರೆ ಸೂಟು ಯಾಕೆ ಎಂದು ಅವಳು ಕೇಳಿದ್ದಳು. ಸ್ವಲ್ಪ ನೀರು ಬಂದು ಒಳಗೇ ನಿಲ್ಲುತ್ತೆ, ಮೈ ಬಿಸಿಗೆ ಕಾದು ಬೆಚ್ಚಗಿಡುತ್ತೆ ಎಂದು ಅವನೇನೋ ಹೇಳಿದ. ಅವಳಿಗೆ ಅದು ಕಿವಿಗೆ ಬಿತ್ತೇ ಹೊರತು ತಲೆಗೆ ಹೋಗಲಿಲ್ಲ. ಗಂಡಸರು ತಾವು ಕೊಂಡು ತಂದ ವಸ್ತು ಸರಿಯಿಲ್ಲ ಎಂದು ಯಾವತ್ತಾದರೂ ಒಪ್ಪಿಕೊಂಡದ್ದುಂಟೇ? ಅವಳ ಕಣ್ಣಲ್ಲಿ ಉಳಿದದ್ದು ಆ ಕೆಂಪು ಮುಖ ಮತ್ತು ಕುತ್ತಿಗೆಯ ಮೇಲೆ ಉಬ್ಬಿದ್ದ ನರ. ನೀರಿನೊಳಗೆ ಇವರಿಗೆ ಹೀಗೆ ಉಸಿರು ಕಟ್ಟಿದರೆ ಜಿಪ್ ಎಳೆಯಲು ನಾನಿರುತ್ತೀನಾ ಎಂದು ಎರಡು ರಾತ್ರಿ ನಿದ್ದೆಗೆಟ್ಟಳು. ಮೂರನೆಯ ದಿನ ಶೇಷಾದ್ರಿ ಆಫೀಸಿನ ಕೆಲಸದ ಮೇಲೆ ಊರಲ್ಲಿರಲಿಲ್ಲ. ಸೂಟನ್ನು ಡಬ್ಬಕ್ಕೆ ಹಾಕಿ, ರಸೀದಿ ಹುಡುಕಿ, ಅಂಗಡಿಗೆ ಡ್ರೈವ್ ಮಾಡಿ, ಅದೇ ಕಿತ್ತಳೆ ಪಟ್ಟಿಯದನ್ನು ಲಾರ್ಜ್ ಬದಲು ಎಕ್ಸ್‌ಎಲ್ ಮಾಡಿಸಿಕೊಂಡು ಬಂದಳು. ಕೌಂಟರಿನ ಹುಡುಗಿ, ನಿಮ್ಮ ಹಸ್ಬೆಂಡ್ ಹಾಕಿ ನೋಡಿದ್ದಾರಾ ಎಂದು ಕೇಳಿದ್ದಕ್ಕೆ ಹೌದೆಂದಳು. ಸುಳ್ಳೇನೂ ಅಲ್ಲವಲ್ಲ ಎಂದು ತನಗೆ ತಾನೇ ಹೇಳಿಕೊಂಡಳು.

ಹೇಳಿದರೆ ಜಗಳ, ಹೇಳದಿದ್ದರೆ ನೆಮ್ಮದಿ. ಸಂಸಾರದಲ್ಲಿ ಎಷ್ಟೋ ವಿಷಯ ಹೀಗೇ ನಡೆಯುತ್ತದೆ. ಅವಳು ಸೂಟನ್ನು ಮಡಿಸಿ ಅವನ ಬ್ಯಾಗಿನಲ್ಲಿಟ್ಟು, ಮೇಲೊಂದು ಟವೆಲ್ ಹಾಕಿ ಜಿಪ್ ಎಳೆದಳು. ಅವನು ಹೊರಡುವವರೆಗೂ ಅದನ್ನು ತೆಗೆದು ನೋಡಲೇ ಇಲ್ಲ.

ಫೆಬ್ರವರಿಯ ಮೊದಲ ಶುಕ್ರವಾರ ಷಾರ್ಲೆಟ್‌ಗೆ ಬಂದು, ಸೃಜನ್‌ನ ಮನೆಯಲ್ಲಿ ತಂಗಿ, ಶನಿವಾರ ಬೆಳಿಗ್ಗೆ ನಾಲ್ವರೂ ಕ್ವಾರಿಗೆ ಹೊರಟರು. ಪುಳಿಯೋಗರೆ, ಚಕ್ಕುಲಿ, ದೊಡ್ಡ ಫ್ಲಾಸ್ಕಿನಲ್ಲಿ ಕಾಫಿ. ಹೋಗಿ ನೋಡಿದರೆ ಅದು ನೆಲದಲ್ಲಿ ಕೊರೆದ ಒಂದು ಭಾರೀ ಹೊಂಡ. ಸುತ್ತ ನೆಟ್ಟಗೆ ಕಡಿದ ಬಂಡೆ, ನಡುವೆ ಅಲುಗಾಡದ ಹಸಿರು ನೀರು. ನಮ್ಮೂರಲ್ಲಿ ಇದಕ್ಕೆ ಕೋರೆ ಅಂತಾರೆ ಆಂಟಿ, ಮಕ್ಕಳನ್ನು ಹತ್ತಿರ ಬಿಡುದಿಲ್ಲ ಎಂದಳು ಅಶ್ವಿತಾ. ನೀರಿಗಿಳಿಯಲು ಒಂದು ಕಡೆ ಕಬ್ಬಿಣದ ಏಣಿಯಿದ್ದ ಮರದ ಕಟ್ಟೆ, ಇನ್ನೊಂದು ಕಡೆ ಕಲ್ಲಿನ ಮೆಟ್ಟಿಲು. ಕಟ್ಟೆಯ ಮೇಲೆ ಹಲಗೆಯೊಂದರಲ್ಲಿ ಆ ದಿನದ ನೀರಿನ ಶಾಖ ಬರೆದಿತ್ತು: ನಲವತ್ತೈದು ಫ್ಯಾರನ್‌ಹೀಟ್. ನಮ್ಮ ಲೆಕ್ಕದಲ್ಲಿ ಏಳು ಡಿಗ್ರಿ, ಫ್ರಿಜ್ಜಿನೊಳಗಿನ ನೀರಿನ ಬಾಟಲಿ ಅಷ್ಟೇ ಇರುತ್ತದೆ.

ಜಾಗ ನೋಡಿಕೊಳ್ಳುತ್ತಿದ್ದವಳು ವಾಂಡಾ ಎಂಬ ಬಿಳಿಕೂದಲಿನ ಹೆಂಗಸು. ಗಂಡಸರಿಬ್ಬರ ಸರ್ಟಿಫಿಕೇಟು ನೋಡಿ, ಸಹಿ ಹಾಕಿಸಿಕೊಂಡು, ತಣ್ಣೀರಿನಲ್ಲಿ ಮೊದಲ ಸಲವೇ ಎಂದು ಕೇಳಿ, ಮೂವತ್ತು ನಿಮಿಷಕ್ಕಿಂತ ಹೆಚ್ಚು ಇರಬೇಡಿ, ನಡುಕ ಶುರುವಾದ ತಕ್ಷಣ ಮೇಲೆ ಬನ್ನಿ ಎಂದಳು. ನನ್ನದು ಹೊಚ್ಚ ಹೊಸ ಸೂಟು ಎಂದು ಶೇಷಾದ್ರಿ ಹೆಮ್ಮೆಯಿಂದ ಹೇಳಿದ. ಸೃಜನ್‌ಗೆ ಸ್ವಂತ ದಪ್ಪ ಸೂಟಿರಲಿಲ್ಲ. ಅಲ್ಲಿಯೇ ಶೆಡ್ಡಿನಲ್ಲಿ ನೇತುಹಾಕಿದ್ದರಲ್ಲಿ ಒಂದನ್ನು ಬಾಡಿಗೆಗೆ ಆರಿಸಿಕೊಳ್ಳುವುದೆಂದಾಗಿತ್ತು. ಇಬ್ಬರೂ ನಗುತ್ತ ಬಟ್ಟೆ ಬದಲಿಸುವ ಕೋಣೆಗೆ ಹೋದರು. ವಾಂಡಾ ತನ್ನ ನಾಲ್ಕು ಜನ ಕಲಿಯುವವರ ಕಡೆ ಹೋದಳು.

ಬೆಂಚಿನ ಮೇಲೆ ಕೂತು ಕಾತ್ಯಾಯಿನಿ ಪರ್ಸಿನಿಂದ ಒಂದು ಪೊಟ್ಟಣ ತೆಗೆದಳು. ಸೀಮಂತಕ್ಕೆಂದು ನಾರ್‌ಕ್ರಾಸ್‌ನ ಇಂಡಿಯನ್ ಅಂಗಡಿಯಲ್ಲಿ ಕೊಂಡ ಹಸಿರು ಗಾಜಿನ ಬಳೆಗಳು, ಒಂದು ಡಜನ್. ಅಳತೆ ನೋಡೋಣ ಬಾ ಎಂದು ಅಶ್ವಿತಾಳ ಕೈಗೆ ಹಾಕಿದರೆ ಬಳೆಗಳು ಸರಾಗವಾಗಿ ಮಣಿಕಟ್ಟು ದಾಟಿ ಮೊಣಕೈವರೆಗೆ ಹೋದವು. ಅಶ್ವಿತಾ ನಕ್ಕಳು. ಏಳು ತುಂಬೋ ಹೊತ್ತಿಗೆ ಕೈ ಊದ್ಕೊಳ್ಳತ್ತೆ ಕಣೇ, ಇರಲಿ ಎಂದಳು ಕಾತ್ಯಾಯಿನಿ.

ಆಗ ಮುಳುಗುವವರಿಬ್ಬರೂ ಹೊರಗೆ ಬಂದರು. ತಲೆಯಿಂದ ಗಲ್ಲದವರೆಗೆ ಕಪ್ಪು ಟೋಪಿ, ಹಣೆಯ ಮೇಲೆ ಮಾಸ್ಕು, ಎದೆ ಹೊಟ್ಟೆ ಮುಚ್ಚುವ ಗಾಳಿ ತುಂಬಿದ ಜಾಕೆಟ್ಟು, ಬೆನ್ನಿಗೆ ಸಿಲಿಂಡರು, ಕೈಗೆ ದಪ್ಪ ಗ್ಲೌಸು. ಹೆತ್ತ ತಾಯಿಗೂ ಗುರುತು ಹತ್ತದ ವೇಷ. ಕಿತ್ತಳೆ ಪಟ್ಟಿ ನೋಡಿ ಕಾತ್ಯಾಯಿನಿ ಗಂಡನನ್ನು ಗುರುತಿಸಿದಳು. ಸೂಟು ಬೆನ್ನಿನ ಕೆಳಗೆ, ಮಂಡಿಯ ಹಿಂದೆ ಸಣ್ಣಗೆ ನೆರಿಗೆ ಬಿದ್ದಿತ್ತು. ಅಬ್ಬಾ, ಈಗ ಎಷ್ಟು ಹಗುರಾಗಿ ನಡೆಯುತ್ತಿದ್ದಾರೆ ಎಂದು ಅವಳಿಗೆ ಸಮಾಧಾನವಾಯಿತು. ಕೈ ಬೀಸಿದಳು. ಕಿತ್ತಳೆ ಪಟ್ಟಿಯವನೂ ಕೈಯೆತ್ತಿದ. ಕಲ್ಲಿನ ಮೆಟ್ಟಿಲಿಳಿದು ಇಬ್ಬರೂ ನೀರೊಳಗೆ ಕಾಣೆಯಾದರು. ಆಗ ಹತ್ತು ಗಂಟೆ ಹತ್ತು ನಿಮಿಷ; ಅವಳು ಫೋನು ನೋಡಿಕೊಂಡಿದ್ದರಿಂದ ಸರಿಯಾಗಿ ನೆನಪಿದೆ.

ನೀರಿನ ಮೇಲೆ ಗುಳ್ಳೆಗಳು ಎರಡು ಕಡೆ ಏಳುತ್ತಿದ್ದವು. ಕಾತ್ಯಾಯಿನಿ ಚಕ್ಕುಲಿ ಮುರಿಯುತ್ತ, ಕಟ್ಟೆಯ ಮೇಲೆ ವಾಂಡಾ ಪಾಠ ಮಾಡುವುದನ್ನು ನೋಡುತ್ತ ಕೂತಳು. ವಾಂಡಾ ಒಂದು ಜಗ್ಗಿನಲ್ಲಿ ಬೆಚ್ಚಗಿನ ನೀರು ತಂದು ಒಬ್ಬ ಹುಡುಗಿಯ ಸೂಟಿನ ಕುತ್ತಿಗೆಯೊಳಗೆ ಹೊಯ್ದಳು. ಹುಡುಗಿ ಸುಖದಿಂದ ಕಣ್ಣು ಮುಚ್ಚಿದಳು. ಕಾತ್ಯಾಯಿನಿ ಕುತೂಹಲದಿಂದ ಕಿವಿಗೊಟ್ಟಳು.

ಈ ನೀರೇ ನಿಮ್ಮ ಕಂಬಳಿ ಎನ್ನುತ್ತಿದ್ದಳು ವಾಂಡಾ. ಸೂಟು ಬೆಚ್ಚಗಿಡುವುದು ಈ ತೆಳ್ಳನೆಯ ನೀರನ್ನು ಮೈಗೆ ಒತ್ತಿ ಹಿಡಿದಾಗ ಮಾತ್ರ. ಅದಕ್ಕೇ ಸೂಟು ಬಿಗಿಯಾಗಿರಬೇಕು, ಹಾಕಿಕೊಳ್ಳಲು ಬೆವರು ಕಿತ್ತುಬರಬೇಕು. ಸಡಿಲವಾಗಿದ್ದರೆ? ನೀವು ಒಂದೊಂದು ಸಲ ಕೈಕಾಲು ಆಡಿಸಿದಾಗಲೂ ಅದು ಪಂಪಿನ ಹಾಗೆ ಬಿಸಿನೀರು ಹೊರಗೆ ತಳ್ಳಿ ತಣ್ಣೀರು ಒಳಗೆಳೆಯುತ್ತದೆ. ಮೈಯ ಶಾಖವೆಲ್ಲ ಕೆರೆಗೆ ಹೋಗುತ್ತದೆ. ಮೊದಲು ನಡುಗುತ್ತೀರಿ, ಆಮೇಲೆ ಬೆರಳು ನಿಮ್ಮ ಮಾತು ಕೇಳುವುದಿಲ್ಲ, ಆಮೇಲೆ ಬುದ್ಧಿ ಮಂಕಾಗಿ ಚಳಿಯೇ ಇಲ್ಲ ಅನಿಸುತ್ತದೆ. ಒಂದು ಸೈಜ್ ದೊಡ್ಡ ಸೂಟು ಹಾಕಿಕೊಂಡು ಬಂದವರನ್ನು ನಾನು ನೀರಿಗೆ ಬಿಡುವುದಿಲ್ಲ, ಮನೆಗೆ ಕಳಿಸುತ್ತೇನೆ.

ಕಾತ್ಯಾಯಿನಿಯ ಕೈಯ ಚಕ್ಕುಲಿ ಕೈಯಲ್ಲೇ ಉಳಿಯಿತು. ಇಂಗ್ಲಿಷು ತನಗೆ ಸರಿಯಾಗಿ ತಿಳಿಯಲಿಲ್ಲವೇನೋ ಎಂದು ಒಂದು ಗಳಿಗೆ ಆಸೆಪಟ್ಟಳು. ಇಪ್ಪತ್ತೆರಡು ವರ್ಷ ಈ ದೇಶದಲ್ಲಿದ್ದವಳಿಗೆ ಅಷ್ಟು ಇಂಗ್ಲಿಷು ತಿಳಿಯದೆ ಏನು? ಒಂದೊಂದು ಮಾತೂ ತಿಳಿದಿತ್ತು. ಬೆಡ್‌ರೂಮಿನಲ್ಲಿ ಶೇಷಾದ್ರಿ ಹೇಳಿದ್ದೂ ಇದನ್ನೇ, ಉಸಿರು ಸಾಲದೆ ಎರಡೆರಡು ಮಾತಾಗಿ ಹೇಳಿದ್ದು. ಫೋನು ನೋಡಿದಳು. ಹದಿನೈದು ನಿಮಿಷವಾಗಿತ್ತು.

ಆಮೇಲಿನ ಎರಡು ನಿಮಿಷದ ಬಗ್ಗೆ ಅವಳಿಗೆ ಇವತ್ತಿಗೂ ನಾಚಿಕೆ. ಎದ್ದು ಓಡಲಿಲ್ಲ. ಒಂದೇ ಒಂದು ಸೈಜ್ ತಾನೇ, ಅವರ ಹೊಟ್ಟೆಗೆ ಅದು ಬಿಗಿಯೇ ಇರುತ್ತದೆ ಎಂದುಕೊಂಡಳು. ಮಂಡಿಯ ಹಿಂದಿನ ನೆರಿಗೆ ಕಣ್ಣಿಗೆ ಬಂತು. ಹೇಳಿದರೆ ಎಲ್ಲರ ಮುಂದೆ ಏನೆಂದುಕೊಂಡಾರು, ಗಂಡನಿಗೆ ಹೇಳದೆ ಬದಲಾಯಿಸಿದೆ ಎಂದು ಯಾವ ಬಾಯಲ್ಲಿ ಹೇಳುವುದು ಎಂದುಕೊಂಡಳು. ಥೂ, ಮಾನದ ಲೆಕ್ಕ ಹಾಕುವ ಹೊತ್ತೇ ಅದು! ಪಕ್ಕದಲ್ಲಿ ಅಶ್ವಿತಾ, ಯಾಕೆ ಆಂಟಿ, ಮುಖ ಹೀಗಾಗಿದೆ ಎಂದು ಕೇಳಿದಾಗ ಅವಳಿಗೆ ತಡೆಯಲಾಗಲಿಲ್ಲ. ಎದ್ದು ಕಟ್ಟೆಗೆ ಓಡಿ ವಾಂಡಾಳ ತೋಳು ಹಿಡಿದು ಎಲ್ಲ ಹೇಳಿದಳು. ನನ್ನ ಗಂಡನ ಸೂಟು ದೊಡ್ಡದು. ನಾನೇ ಬದಲಾಯಿಸಿದೆ. ಅವರಿಗೆ ಗೊತ್ತಿಲ್ಲ.

ವಾಂಡಾ ಬೈಯಲಿಲ್ಲ, ಯಾಕೆ ಎಂದೂ ಕೇಳಲಿಲ್ಲ. ಎಷ್ಟು ಹೊತ್ತಾಯಿತು ಎಂದಷ್ಟೇ ಕೇಳಿದಳು. ಕಟ್ಟೆಯ ಮೂಲೆಯಿಂದ ಸುತ್ತಿಗೆ ತೆಗೆದುಕೊಂಡು ಬಗ್ಗಿ, ನೀರೊಳಗೆ ಇಳಿದಿದ್ದ ಕಬ್ಬಿಣದ ಏಣಿಗೆ ಬಡಿಯತೊಡಗಿದಳು. ಮೂರು ಏಟು, ತಡೆದು ಮತ್ತೆ ಮೂರು. ನೀರಿನಡಿಯಲ್ಲಿ ಸದ್ದು ಬಹುದೂರ ಹೋಗುತ್ತದೆ, ಕೇಳಿದರೆ ಮೇಲೆ ಬರುತ್ತಾರೆ ಎಂದಳು. ಬಂಡೆಗಳು ಆ ಸದ್ದನ್ನು ತಿರುಗಿಸಿ ತಿರುಗಿಸಿ ಹೊಡೆದವು.

ಗುಳ್ಳೆಗಳು ಇದ್ದಲ್ಲೇ ಏಳುತ್ತಿದ್ದವು. ಕಾತ್ಯಾಯಿನಿ ಕಟ್ಟೆಯ ಮೇಲೆ ಕುಸಿದಳು. ಮಂಕಿಕ್ಯಾಪಿನ ಮನುಷ್ಯ, ಬಿಸಿನೀರಿನ ಮನುಷ್ಯ, ನನ್ನ ಕೈಯಾರೆ ಮಾಡಿದೆನಲ್ಲಪ್ಪಾ ಎಂದು ಅಳತೊಡಗಿದಳು. ಅಶ್ವಿತಾ ಹೊಟ್ಟೆ ಹಿಡಿದುಕೊಂಡು ನಿಧಾನವಾಗಿ ಬಂದು, ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡಳು. ಸಡಿಲ ಬಳೆಗಳೆಲ್ಲ ಜಾರಿಬಂದು ಇಬ್ಬರ ಕೈಯ ಮೇಲೂ ಕೂತವು.

"ಎಂತ ಆಗುದಿಲ್ಲ ಆಂಟಿ," ಎಂದಳು ಅಶ್ವಿತಾ. "ಇವರಿದ್ದಾರಲ್ಲ ಜೊತೆಗೆ. ಸಾರನ್ನು ಬಿಟ್ಟು ಬರುವ ಜನ ಅಲ್ಲ ಇವರು."

ಆ ಮಾತು ಕಾತ್ಯಾಯಿನಿಗೆ ದೇವರೇ ಬಂದು ಹೇಳಿದ ಹಾಗೆ ಕೇಳಿಸಿತು. ಅವಳು ಆ ಕೈಯನ್ನು ಬಿಗಿಯಾಗಿ ಹಿಡಿದುಕೊಂಡು, ಸೃಜನ್ ನೋಡ್ಕೋತಾನೆ, ಸೃಜನ್ ಇದಾನೆ ಎಂದು ಮಂತ್ರದ ಹಾಗೆ ಹೇಳಿಕೊಂಡಳು.

ವಾಂಡಾ ಮತ್ತೆ ಬಡಿದಳು. ಆಗ ಗುಳ್ಳೆಗಳು ಒಂದಕ್ಕೊಂದು ಹತ್ತಿರ ಬಂದು ಕಲ್ಲಿನ ಮೆಟ್ಟಿಲ ಕಡೆ ಸರಿಯತೊಡಗಿದವು. ಎರಡು ಕಪ್ಪು ತಲೆಗಳು ನೀರಿನ ಮೇಲೆ ಬಂದವು. ಒಬ್ಬನು ಇನ್ನೊಬ್ಬನ ಬೆನ್ನ ಮೇಲಿನ ಪಟ್ಟಿ ಹಿಡಿದು ಎಳೆದು ತರುತ್ತಿದ್ದ. ಎಳೆಸಿಕೊಳ್ಳುತ್ತಿದ್ದವನು ಕೈಕಾಲು ಆಡಿಸುತ್ತಿರಲಿಲ್ಲ, ತಲೆ ಒಂದು ಕಡೆಗೆ ವಾಲಿತ್ತು. ಅವನ ಭುಜದ ಮೇಲೆ ಕಿತ್ತಳೆ ಪಟ್ಟಿ.

"ರೀ!" ಎಂದು ಕಾತ್ಯಾಯಿನಿ ಕಿರುಚಿದ್ದು ಬಂಡೆಗೆ ಬಡಿದು ವಾಪಸು ಬಂತು. ಅಶ್ವಿತಾಳ ಕೈ ಕಿತ್ತುಕೊಂಡು ಅವಳು ಮೆಟ್ಟಿಲ ಕಡೆ ಓಡಿದಳು. ಎರಡು ಮೆಟ್ಟಿಲು, ಮೂರು, ನಾಲ್ಕು. ಶೂ, ಸಾಕ್ಸು, ಪ್ಯಾಂಟು ಸಮೇತ ಮಂಡಿಯವರೆಗೆ ನೀರಿಗಿಳಿದಳು. ಆ ನೀರು! ಮೊದಲು ಅದು ತಣ್ಣಗೆ ಅನಿಸಲೇ ಇಲ್ಲ, ಕಾಲಿಗೆ ಬೆಂಕಿ ತಗುಲಿದ ಹಾಗಾಯಿತು. ಎಳೆದ ಉಸಿರು ಗಂಟಲಲ್ಲೇ ನಿಂತಿತು, ಬಿಡಲು ಬರಲಿಲ್ಲ. ಬಾಯಿ ತೆರೆದದ್ದು ತೆರೆದಂತೆಯೇ ನಿಂತಳು. ಮಂಡಿಯವರೆಗಿನ ನೀರು ಹೀಗೆ ಮಾಡಿದರೆ ಇಪ್ಪತ್ತು ನಿಮಿಷ ಇದನ್ನು ಮೈತುಂಬ ತುಂಬಿಕೊಂಡು, ಖಾಲಿ ಮಾಡಿ, ಮತ್ತೆ ತುಂಬಿಕೊಂಡವನ ಗತಿಯೇನು? ಅಷ್ಟು ವರ್ಷದಲ್ಲಿ ಒಂದು ಸಲವೂ ತಣ್ಣೀರು ಮುಟ್ಟದ ಆ ಮೈ ನೆನೆದು ಅವಳ ಕಣ್ಣು ಕತ್ತಲಿಟ್ಟಿತು.

ಎಳೆದು ತರುತ್ತಿದ್ದವನು ಮೆಟ್ಟಿಲಿಗೆ ಕಾಲು ಸಿಕ್ಕಿದ ಕೂಡಲೇ ಮಾಸ್ಕ್ ಕಿತ್ತೆಸೆದು, "ಕಾತೂ, ಅಡ್ಡ ನಿಲ್ಬೇಡ, ಪಕ್ಕಕ್ಕೆ ಬಾ," ಎಂದ.

ಅದು ಶೇಷಾದ್ರಿಯ ದನಿ. ಮಾಸ್ಕಿನ ಗುರುತು ಬಿದ್ದ ಶೇಷಾದ್ರಿಯ ಗುಂಡು ಮುಖ. ಅವಳು ಕಿತ್ತಳೆ ಪಟ್ಟಿಯವನ ಕಡೆ ನೋಡಿದಳು. ವಾಂಡಾ ಅಷ್ಟರಲ್ಲಿ ನೀರಿಗಿಳಿದು ಅವನ ಮಾಸ್ಕು ತೆಗೆದಿದ್ದಳು. ತುಟಿ ನೀಲಿಗಟ್ಟಿತ್ತು, ಮುಖ ಮೇಣದ ಬಣ್ಣಕ್ಕೆ ತಿರುಗಿತ್ತು, ಕಣ್ಣು ಅರ್ಧ ತೆರೆದಿತ್ತು. ಸೃಜನ್.

"ಸದ್ಯ," ಎಂದಳು ಕಾತ್ಯಾಯಿನಿ.

ಮೆಲ್ಲಗೆ ಅಲ್ಲ, ಗಟ್ಟಿಯಾಗಿ. ಕಟ್ಟಿದ್ದ ಉಸಿರೆಲ್ಲ ಆ ಒಂದೇ ಮಾತಾಗಿ ಹೊರಬಂತು. ಹೇಳಿದ ಮೇಲೆ ಕೇಳಿಸಿಕೊಂಡಳು. ತಿರುಗಿ ನೋಡಿದರೆ ಎರಡು ಮೆಟ್ಟಿಲು ಮೇಲೆ, ಬಳೆಯ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು ಅಶ್ವಿತಾ ನಿಂತಿದ್ದಳು.

ಆಮೇಲೆ ಯಾರೂ ಯಾರನ್ನೂ ನೋಡುವಷ್ಟು ಪುರುಸೊತ್ತಿರಲಿಲ್ಲ. ಸೃಜನ್‌ನನ್ನು ಶೆಡ್ಡಿಗೆ ಹೊತ್ತು ತಂದು ಮಲಗಿಸಿದರು. ಅವನು ನಡುಗುತ್ತಿರಲಿಲ್ಲ, ಅದೇ ವಾಂಡಾಗೆ ಗಾಬರಿ. ಏನೋ ಗೊಣಗುತ್ತಿದ್ದ; ಕಿವಿಯಿಟ್ಟು ಕೇಳಿದರೆ, ಓಕೆ ಸಾರ್, ಓಕೆ ಸಾರ್ ಎನ್ನುತ್ತಿದ್ದ. ಕಾತ್ಯಾಯಿನಿ ಅವನ ಅಂಗಾಲು ಹಿಡಿದು, ಊರಲ್ಲಿ ಮಾಡುವ ಹಾಗೆ ಜೋರಾಗಿ ಉಜ್ಜಲು ಹೋದಳು. ಉಜ್ಜಬೇಡ, ಅದು ಇನ್ನೂ ಅಪಾಯ ಎಂದು ವಾಂಡಾ ಅವಳ ಕೈ ತೆಗೆಸಿದಳು. ಕಾಫಿ ಬಗ್ಗಿಸಲು ಹೋದಳು, ಅದೂ ಬೇಡವೆಂದಳು. ತನ್ನ ಕೈಗೆ ಗೊತ್ತಿದ್ದ ಉಪಚಾರವೆಲ್ಲ ಅಲ್ಲಿ ತಪ್ಪೇ ಆಯಿತು. ಕೊನೆಗೆ ಅವಳು ಗೋಡೆಗೊರಗಿ, ಒದ್ದೆ ಶೂಗಳಲ್ಲಿ ನಡುಗುತ್ತ ನಿಂತಳು.

ಸೂಟು ಎಳೆದು ಬಿಚ್ಚುವಷ್ಟು ಹೊತ್ತಿಲ್ಲವೆಂದು ವಾಂಡಾ ಕತ್ತರಿಯಿಂದ ಉದ್ದಕ್ಕೆ ಸೀಳಿದಳು. ಒಳಗಿನಿಂದ ಬಕೆಟ್ಟಿನಷ್ಟು ನೀರು ನೆಲಕ್ಕೆ ಸುರಿಯಿತು. ಮೈಯೊರೆಸಿ, ಕಂಬಳಿಗಳನ್ನು ಸುತ್ತಿ, ಆಂಬುಲೆನ್ಸಿಗೆ ಫೋನ್ ಮಾಡಿದರು. ಶೇಷಾದ್ರಿ ಕಂಬಳಿಯ ಅಂಚು ಹಿಡಿದುಕೊಂಡು ಯಾರೂ ಕೇಳದಿದ್ದರೂ ಹೇಳುತ್ತಿದ್ದ. ಬಾಡಿಗೆಗೆ ಮಿಕ್ಕಿದ್ದು ಒಂದೇ ಸೂಟು, ಅದೂ ಹಳೆಯದು, ತೆಳುವಾಗಿತ್ತು. ಸಣಕಲ ಹುಡುಗ, ಚಳಿ ತಡೆಯುವುದಿಲ್ಲ, ದಪ್ಪದ್ದು ನೀನು ಹಾಕ್ಕೋ ಎಂದು ತಾನೇ ಒತ್ತಾಯ ಮಾಡಿ ಹೊಸದನ್ನು ಕೊಟ್ಟಿದ್ದ. ಸ್ವಲ್ಪ ಸಡಿಲ ಸಾರ್, ಅಡ್ಜಸ್ಟ್ ಮಾಡ್ಕೋತೀನಿ ಎಂದಿದ್ದ ಸೃಜನ್. ಆ ಹಳೇ ಬಾಡಿಗೆ ಸೂಟು ಶೇಷಾದ್ರಿಗೆ ಮೈಗೆ ಹೊಲಿದ ಹಾಗೆ ಕೂತಿತ್ತು.

"ಚಳಿ ಆಗ್ತಿದ್ಯಾ ಅಂತ ಎರಡು ಸಲ ಸನ್ನೆ ಮಾಡಿ ಕೇಳಿದೆ," ಎಂದ ಶೇಷಾದ್ರಿ. "ಎರಡು ಸಲಾನೂ ಬೆರಳು ಸೇರಿಸಿ ಓಕೆ ಅಂತ ತೋರಿಸ್ದ. ನಾನು ಬಸ್ ನೋಡೋ ಖುಷೀಲಿದ್ದೆ."

ಅವನ ಕಾಲ ಬಳಿ ಕತ್ತರಿಸಿ ಬಿಸಾಕಿದ್ದ ಸೂಟಿನ ಕುತ್ತಿಗೆ ಬಿದ್ದಿತ್ತು. ಒಳಗಿನ ಚೀಟಿ ಮೇಲಕ್ಕೆ ಮುಖ ಮಾಡಿತ್ತು. ಅವನು ಬಗ್ಗಿ ಅದನ್ನು ಎತ್ತಿಕೊಂಡು ಕನ್ನಡಕವಿಲ್ಲದ ಕಣ್ಣಿಗೆ ಹತ್ತಿರ ಹಿಡಿದ. ಬಹಳ ಹೊತ್ತು ಹಿಡಿದ.

"ಎಕ್ಸ್‌ಎಲ್ ಅಂತಿದೆ. ನಾನು ತಗೊಂಡಿದ್ದು ಲಾರ್ಜ್ ಅಲ್ವಾ?"

ಕಾತ್ಯಾಯಿನಿ ಅವನ ಕಡೆ ತಿರುಗಿದಳು. ಹೇಳಬೇಕಾದ ಅಗತ್ಯ ಬೀಳಲಿಲ್ಲ. ಮೂವತ್ತು ವರ್ಷ ಅವಳು ತಂದ ದೊಗಳೆ ಶರ್ಟುಗಳನ್ನೇ ತೊಟ್ಟ ಮನುಷ್ಯನಿಗೆ ಅವಳ ಮುಖ ನೋಡಿದ್ದೇ ಸಾಕಾಯಿತು. ಅವನು ಕೂಗಾಡಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಆ ತುಂಡನ್ನು ಸದ್ದಾಗದ ಹಾಗೆ ನೆಲದ ಮೇಲಿಟ್ಟು ಕಂಬಳಿಯ ಅಂಚನ್ನು ಮತ್ತೆ ಹಿಡಿದುಕೊಂಡ.

ಆಸ್ಪತ್ರೆಯಲ್ಲಿ ಮಧ್ಯಾಹ್ನ ಮೂರರ ಹೊತ್ತಿಗೆ ಡಾಕ್ಟರು ಬಂದು, ಮೈಯ ಶಾಖ ಏರುತ್ತಿದೆ, ಪೇಷಂಟು ಮಾತಾಡುತ್ತಿದ್ದಾರೆ, ಒಂದು ದಿನ ಇಟ್ಟುಕೊಂಡು ನೋಡಿ ಕಳಿಸುತ್ತೇವೆ ಎಂದರು. ಇನ್ನೊಂದು ಐದು ನಿಮಿಷ ನೀರಿನಲ್ಲಿದ್ದಿದ್ದರೆ ನಾನು ಹೀಗೆ ಹೇಳುತ್ತಿರಲಿಲ್ಲ ಎಂದೂ ಸೇರಿಸಿದರು. ಶೇಷಾದ್ರಿ ಅಲ್ಲೇ ಕುರ್ಚಿಯಲ್ಲಿ ಮುಖ ಮುಚ್ಚಿಕೊಂಡ. ಆಮೇಲೆ ಎದ್ದು, ಕಾರಿನಲ್ಲಿರುವ ಒಣಬಟ್ಟೆ ತರುತ್ತೇನೆಂದು ಹೊರಗೆ ಹೋದ. ಕಾತ್ಯಾಯಿನಿಯನ್ನು ಬಾ ಎಂದು ಕರೆಯಲಿಲ್ಲ.

ಕಾಯುವ ಕೋಣೆಯಲ್ಲಿ ಹೆಂಗಸರಿಬ್ಬರೇ ಉಳಿದರು. ಅಶ್ವಿತಾ ಒಂದು ಕುರ್ಚಿ ಬಿಟ್ಟು ಕೂತಿದ್ದಳು. ಬೆಳಿಗ್ಗೆ ಹಾಕಿದ ಬಳೆಗಳು ಇನ್ನೂ ಅವಳ ಕೈಯಲ್ಲಿದ್ದವು. ನೀನು ಆ ಸುತ್ತಿಗೆ ಬಡಿಸಿದ್ದಕ್ಕೇ ಅವನು ಬದುಕಿದ್ದು ಎಂದು ಕ್ವಾರಿಯಿಂದ ಹೊರಡುವಾಗ ವಾಂಡಾ ಕಾತ್ಯಾಯಿನಿಯ ಬೆನ್ನು ತಟ್ಟಿ ಹೇಳಿದ್ದಳು. ಒಳ್ಳೆಯ ಹೆಂಗಸು, ಸಮಾಧಾನಕ್ಕೆ ಹೇಳಿದ್ದು. ಆದರೆ ಆ ಮಾತೇ ಕಾತ್ಯಾಯಿನಿಯನ್ನು ಒಳಗಿನಿಂದ ತಿನ್ನುತ್ತಿತ್ತು. ಆ ಸೂಟಿನೊಳಗೆ ಇರುವುದು ಸೃಜನ್ ಎಂದು ಗೊತ್ತಿದ್ದಿದ್ದರೆ ತಾನು ಎರಡೇ ನಿಮಿಷದಲ್ಲಿ ಎದ್ದು ಓಡುತ್ತಿದ್ದೆನೇ? ಅಥವಾ ಮಾನಕ್ಕೆ ಅಂಜಿ, ಏನಾಗುತ್ತೆ ಬಿಡು, ಸಮುದ್ರದ ಹುಡುಗ ಎಂದು ಇನ್ನೊಂದು ಐದು ನಿಮಿಷ ಕೂತಿರುತ್ತಿದ್ದೆನೇ? ಓಡುತ್ತಿದ್ದೆ ಎಂದು ಹೇಳಿಕೊಳ್ಳಲು ನೋಡಿದಳು. ಎದೆ ಮುಟ್ಟಿ ಹೇಳಲು ಆಗಲಿಲ್ಲ.

ಕೊನೆಗೆ ಧೈರ್ಯ ಮಾಡಿ, "ತಪ್ಪಾಯ್ತು ಕಣಮ್ಮಾ," ಎಂದಳು. "ಸೂಟು ಬದಲಾಯಿಸಿದ್ದು ನಾನೇ."

"ಸೂಟಿನದ್ದು ಬಿಡಿ ಆಂಟಿ," ಎಂದಳು ಅಶ್ವಿತಾ. ದನಿಯಲ್ಲಿ ಸಿಟ್ಟಿರಲಿಲ್ಲ, ಬೇರೆ ಏನೂ ಇರಲಿಲ್ಲ. "ನಿಮಗೆ ಗೊತ್ತಿರ್ಲಿಲ್ಲ. ಒಳ್ಳೇದಕ್ಕೇ ಮಾಡಿದ್ದು ನೀವು."

ಕಾತ್ಯಾಯಿನಿ ಉಸಿರು ಬಿಡುವಷ್ಟರಲ್ಲಿ ಅವಳೇ ಮತ್ತೆ ಹೇಳಿದಳು. "ಇವರ ಮುಖ ನೋಡಿ ನೀವು ಸದ್ಯ ಅಂದ್ರಲ್ಲ, ಅದು ನಂಗೆ ಕೇಳಿತು."

ಕಾತ್ಯಾಯಿನಿಯ ಮೈಯೆಲ್ಲ ಮತ್ತೆ ಆ ಮೆಟ್ಟಿಲ ಮೇಲಿದ್ದ ಹಾಗೆ ತಣ್ಣಗಾಯಿತು. ಅವಳು ತಲೆ ತಗ್ಗಿಸಿದಳು. ಇನ್ನು ಈ ಹುಡುಗಿ ತನ್ನ ಮನೆಯ ಹೊಸಿಲು ತುಳಿಯುವುದಿಲ್ಲ, ಸೀಮಂತವೂ ಇಲ್ಲ, ಬಾಯಿತಪ್ಪಿದ ಅಮ್ಮನೂ ಇಲ್ಲ ಎಂದುಕೊಂಡು ಒದ್ದೆ ಶೂಗಳನ್ನೇ ನೋಡುತ್ತ ಕೂತಳು.

"ನೀವು ಕಟ್ಟೆ ಮೇಲೆ ಅಳ್ತಾ ಇದ್ರಿ," ಎಂದಳು ಅಶ್ವಿತಾ. "ಸಾರ್‌ದು ಸೂಟು ದೊಡ್ಡದು, ಸಾರ್‌ಗೆ ಏನಾದ್ರೂ ಆಗ್ತದೆ ಅಂತ. ಆಗ ನಿಮ್ಮ ಕೈ ಹಿಡ್ಕೊಂಡೇ ನಾನೂ ಅದನ್ನೇ ಹೇಳಿದ್ದು ಆಂಟಿ. ಸದ್ಯ, ಇವರದ್ದಲ್ಲ ಅಂತ. ನಂದು ಬಾಯಿಂದ ಹೊರಗೆ ಬರ್ಲಿಲ್ಲ, ಅಷ್ಟೇ."

ಕಾತ್ಯಾಯಿನಿ ತಲೆಯೆತ್ತಿದಳು. ಅಶ್ವಿತಾ ಅಳುತ್ತಿರಲಿಲ್ಲ. ದೊಡ್ಡ ಕಣ್ಣುಗಳನ್ನು ಇನ್ನೂ ದೊಡ್ಡದು ಮಾಡಿಕೊಂಡು, ಹೇಳಿದ್ದು ತಾನೇ ಎಂದು ನಂಬಲಾಗದವಳ ಹಾಗೆ ಅವಳನ್ನೇ ನೋಡುತ್ತಿದ್ದಳು. ನರ್ಸ್ ಬಾಗಿಲು ತೆರೆದು, ಸೃಜನ್ ಹೆಂಡತಿಯನ್ನು ಕೇಳುತ್ತಿದ್ದಾರೆ ಎಂದಳು.

ಅಶ್ವಿತಾ ಕುರ್ಚಿಯ ಕೈ ಹಿಡಿದು ಏಳಲು ನೋಡಿದಳು, ಆಗಲಿಲ್ಲ. ಕಾತ್ಯಾಯಿನಿ ಎದ್ದು ಅವಳ ರಟ್ಟೆ ಹಿಡಿದು ಎಬ್ಬಿಸಿದಳು. ಬಳೆಗಳು ಜಾರಿ ಬೆರಳವರೆಗೂ ಬಂದವು. ಅಶ್ವಿತಾ ಅವುಗಳನ್ನು ತೆಗೆದು ಕೊಡಲಿಲ್ಲ. ಇನ್ನೊಂದು ಕೈಯಿಂದ ಮೇಲಕ್ಕೆ ತಳ್ಳಿಕೊಂಡು, ಬಾಗಿಲ ಕಡೆ ನಡೆದಳು.